ಸಂಜೆಯ ಒಂದು ಗಂಟೆಗೆ ಯಾವುದನ್ನು ಆರಿಸುವುದು: ಕೇಳಬೇಕಾದ ಸಂಗೀತ, ನಿರಾಸೆ ತರುವ ಟಿ.ವಿ.

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ದಿನದ ಕೆಲಸ ಮುಗಿದ ಮೇಲೆ ರಾತ್ರಿಯ ಊಟದವರೆಗೆ ಸಿಗುವ ಬಿಡುವು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಆ ಹೊತ್ತಿಗೆ ಟಿ.ವಿ. ಹಾಕಬೇಕೋ, ಸಂಗೀತ ಕೇಳಬೇಕೋ ಎಂಬ ಪ್ರಶ್ನೆಗೆ ಬೆಂಗಳೂರಿನ ಮನೆಯಲ್ಲಿ ಇಲ್ಲದ ತೂಕ ನಮ್ಮ ಮನೆಗಳಲ್ಲಿ ಇದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕಚೇರಿ, ಬಸ್ಸು, ಅಂಗಡಿಗಳ ವ್ಯವಹಾರ ಬಹುಪಾಲು ಮಲೆಯಾಳದಲ್ಲಿ ನಡೆಯುತ್ತದೆ. ಮನೆಯೊಳಗಿನ ಮಾತು ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಹವ್ಯಕ, ಮತ್ತೊಬ್ಬರಿಗೆ ಕೊಂಕಣಿ ಅಥವಾ ಮರಾಠಿ. ಹೀಗಿರುವಾಗ ಒಳ್ಳೆಯ ಕನ್ನಡ ಮಕ್ಕಳ ಕಿವಿಗೆ ಬೀಳುವುದು ಶಾಲೆಯನ್ನು ಬಿಟ್ಟರೆ ಈ ಒಂದು ಗಂಟೆಯಲ್ಲಿಯೇ. ಅದನ್ನು ಯಾವುದಕ್ಕೆ ಕೊಡುತ್ತೇವೆ ಎಂಬುದನ್ನು ಯೋಚಿಸಿ ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಾಗಿಯೇ ಈ ಹೋಲಿಕೆ.

ಹೋಲಿಸುವಾಗ ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು. ಆ ಕಾರ್ಯಕ್ರಮ ಒಂದು ಹಾಡನ್ನು, ಒಂದು ಮಾತನ್ನು ಅದರ ಕೊನೆಯವರೆಗೆ ಕೇಳಲು ಬಿಡುತ್ತದೆಯೇ? ಸಾಹಿತ್ಯ ಕಿವಿಗೆ ಸ್ಪಷ್ಟವಾಗಿ ತಲುಪುತ್ತದೆಯೇ? ಮುಗಿದ ಮೇಲೆ ಇನ್ನೊಮ್ಮೆ ಕೇಳಬೇಕೆನಿಸುತ್ತದೆಯೇ? ಪರದೆಯ ಅಲಂಕಾರ, ಬಹುಮಾನದ ಮೊತ್ತ, ನಿರೂಪಕರ ಚಟುವಟಿಕೆ, ಇವು ಯಾವುವನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಾಡಿನ ಸ್ಪರ್ಧೆಯೋ, ಭಾಗವತಿಕೆಯೋ

ಸಂಗೀತವನ್ನು ಪ್ರೀತಿಸುವವರಿಗೆ ಟಿ.ವಿ. ಅತಿ ಹೆಚ್ಚು ನಿರಾಸೆ ತಂದಿರುವುದು ಸಂಗೀತದ ಹೆಸರಿನಲ್ಲಿಯೇ. ಖಾಸಗಿ ವಾಹಿನಿಗಳ ಹಾಡಿನ ಸ್ಪರ್ಧೆಗಳ ಯಾವುದಾದರೂ ಒಂದು ಕಂತನ್ನು ಗಮನವಿಟ್ಟು ನೋಡಿ. ಹುಡುಗಿಯೊಬ್ಬಳು ಭಾವಗೀತೆಯೊಂದನ್ನು ಎತ್ತಿಕೊಂಡಿರುತ್ತಾಳೆ. ಪಲ್ಲವಿ ನೆಲೆಗೊಳ್ಳುವ ಮೊದಲೇ ಕ್ಯಾಮೆರಾ ತೀರ್ಪುಗಾರರ ಮುಖಕ್ಕೆ ತಿರುಗುತ್ತದೆ; ಚರಣದ ಎರಡನೆಯ ಸಾಲಿಗೆ ಸಭೆಯಲ್ಲಿ ಕುಳಿತ ತಾಯಿಯ ಕಣ್ಣೀರು ಬರುತ್ತದೆ; ನಡುವಿನ ಚರಣವನ್ನು ಬಿಟ್ಟು ಹಾಡು ನೇರವಾಗಿ ಕೊನೆಗೆ ಹಾರುತ್ತದೆ; ಮುಗಿದ ಮೇಲೆ ಹಾಡಿಗಿಂತ ಹೆಚ್ಚು ಹೊತ್ತು ಹೊಗಳಿಕೆ ನಡೆಯುತ್ತದೆ. ಅಷ್ಟೂ ಮಾತಿನಲ್ಲಿ ಕವಿಯ ಹೆಸರು ಒಮ್ಮೆಯೂ ಬಾರದೆ ಹೋಗುವುದನ್ನು ನಾನು ಬೇಸರದಿಂದ ಗಮನಿಸಿದ್ದೇನೆ. ಹಾಡುವ ಮಕ್ಕಳಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಅವರ ಕಂಠವನ್ನು ನಮಗೆ ತಲುಪಿಸಬೇಕಾದ ಕಾರ್ಯಕ್ರಮವೇ ಅದಕ್ಕೆ ಅಡ್ಡ ನಿಂತಿದೆ.

ಸಮಯವಿಲ್ಲ, ಮೂರು ನಿಮಿಷದಲ್ಲಿ ಇನ್ನೇನು ಮಾಡಲು ಸಾಧ್ಯ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ಈ ಸಮರ್ಥನೆ ನಿಲ್ಲುವುದಿಲ್ಲ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೂ ಸುಮಾರು ಮೂರು, ಮೂರೂವರೆ ನಿಮಿಷವೇ. ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾನಾದ (ಗಾಯನ ಪರಂಪರೆಯ) ಅಬ್ದುಲ್ ಕರೀಂ ಖಾನರು ಅಷ್ಟೇ ಅವಧಿಯಲ್ಲಿ ರಾಗದ ಮುಖವನ್ನು ಪೂರ್ಣವಾಗಿ ತೋರಿಸಿದ್ದಾರೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಕೊಟ್ಟ ಧ್ವನಿಮುದ್ರಿಕೆಗಳನ್ನೂ, ಗಂಟಲಿನ ತೊಂದರೆಯ ನಂತರ ಕಂಠ ಗಡುಸಾಗಿ ತಗ್ಗಿದ ಮೇಲಿನ ದೀರ್ಘ ಖಯಾಲ್‌ಗಳನ್ನೂ ಒಂದರ ಪಕ್ಕ ಒಂದಿಟ್ಟು ಕೇಳಬೇಕು. ಮೊದಲನೆಯದು ಎಳೆಯ, ಏರಿದ ಧ್ವನಿ; ಎರಡನೆಯದು ಗಂಡಸಿನ ಧ್ವನಿಯೇ ಎಂದು ಅನುಮಾನ ಬರುವಷ್ಟು ಗಂಭೀರ. ಧ್ವನಿ ಇಷ್ಟು ಬದಲಾದರೂ ಸ್ವರವನ್ನು ಹಿಡಿದು ನಿಲ್ಲುವ ನಿಷ್ಠೆ ಬದಲಾಗಿಲ್ಲ. ಕಂಠದ ಇಂಪೇ ಸಂಗೀತದ ಸರ್ವಸ್ವ ಎಂದು ಸ್ಪರ್ಧೆಗಳು ಮಕ್ಕಳಿಗೆ ಕಲಿಸುತ್ತಿರುವಾಗ ಈ ಎರಡು ಧ್ವನಿಮುದ್ರಿಕೆಗಳು ಕಲಿಸುವ ಪಾಠ ಬಹಳ ದೊಡ್ಡದು.

ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆಯನ್ನು ಸರಿಯಾಗಿ ನಡೆಸಲು ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಅದಕ್ಕೆ ಸಾಕ್ಷಿ. ಹಾಡನ್ನು ಬರೆದವರು ಯಾರು, ರಾಗ ಹಾಕಿದವರು ಯಾರು ಎಂಬುದನ್ನು ಅವರು ಗೌರವದಿಂದ ಹೇಳುತ್ತಿದ್ದರು. ಉಚ್ಚಾರಣೆ ತಪ್ಪಿದರೆ ಮಗುವಿನ ಮುಖ ಬಾಡದಂತೆ ತಿದ್ದುತ್ತಿದ್ದರು. ಕನ್ನಡ ಮನೆಮಾತಲ್ಲದ ಗಾಯಕರೊಬ್ಬರು ಕನ್ನಡದ ಅಕ್ಷರಕ್ಕೆ ಕೊಟ್ಟ ಆ ಬೆಲೆಯನ್ನು ನಂತರದ ಕಾರ್ಯಕ್ರಮಗಳು ಉಳಿಸಿಕೊಳ್ಳಲಿಲ್ಲ.

ಇದಕ್ಕೆ ಎದುರಾಗಿ ನಾನು ಇಡುವುದು ನಮ್ಮ ಮಣ್ಣಿನದೇ ಆದ, ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಭಾಗವತಿಕೆಯನ್ನು, ಅಂದರೆ ಕಥೆಯನ್ನು ಪದಗಳಲ್ಲಿ (ಹಾಡುಗಳಲ್ಲಿ) ನಡೆಸುವ ಹಾಡುಗಾರಿಕೆಯನ್ನು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಂದಿಗೂ ಆಟಕ್ಕೂ (ವೇಷ ಕಟ್ಟಿ ಆಡುವ ಯಕ್ಷಗಾನ) ಕೂಟಕ್ಕೂ (ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಳೆ) ಬಳಕೆಯಲ್ಲಿರುವ ನೆಲ ನಮ್ಮದು. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆ ಏರು ಶ್ರುತಿಯದು, ಅಲಂಕಾರಕ್ಕೆ ಹೋಗದ್ದು. ಕಥೆಯ ನಡೆಗೆ ಬೇಕಾದಷ್ಟೇ ರಾಗ, ಆದರೆ ಅಕ್ಷರ ಒಂದೂ ನುಂಗಿ ಹೋಗುವುದಿಲ್ಲ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರ ದಾರಿ ಬೇರೆ. ಶಾಸ್ತ್ರೀಯ ಸಂಗೀತ ಕಲಿತಿದ್ದ ಅವರು ಮದುವೆಯ ನಂತರ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ತೆಂಕುತಿಟ್ಟಿನಲ್ಲಿ ವೃತ್ತಿಪರ ಭಾಗವತರಾದ ಮೊದಲ ಮಹಿಳೆ ಎಂದು ಹೆಸರಾದರು. ಅವರ ಪದಗಳಲ್ಲಿ ರಾಗದ ಒನಪು ಹೆಚ್ಚು, ಆದರೆ ಯಕ್ಷಗಾನದ ಗತ್ತು ಸಡಿಲವಾಗುವುದಿಲ್ಲ. ಹೊಸದಾಗಿ ಕೇಳುವವರು ಲೀಲಾವತಿಯವರಿಂದ ಆರಂಭಿಸಿ ಬಲಿಪರ ಕಡೆಗೆ ಹೋಗುವುದು ಸುಲಭ. ಆಟ ನೋಡಿ ಬೆಳೆದವರು ನೇರವಾಗಿ ಬಲಿಪರನ್ನೇ ಕೇಳಬಹುದು.

ಭಾಗವತಿಕೆಯಲ್ಲಿ ಕಿವಿಗೊಡಬೇಕಾದ ಒಂದು ಕ್ಷಣವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ರಭಸದ ಏರುಪದ ಮುಗಿದು ಚೆಂಡೆ ನಿಂತ ಮೇಲೆ ಭಾಗವತರು ಭಾಮಿನಿ ಷಟ್ಪದಿಯ ಪದ್ಯವೊಂದನ್ನು ಎತ್ತಿಕೊಳ್ಳುತ್ತಾರೆ. ಅದಕ್ಕೆ ತಾಳವಿಲ್ಲ. ಶ್ರುತಿಯ ಮೇಲೆ ಧ್ವನಿಯೊಂದೇ ನಡೆಯುತ್ತದೆ. ಮದ್ದಳೆ ನಡುನಡುವೆ ಒಂದೆರಡು ಪೆಟ್ಟಿನಿಂದ ‘ಹೌದು’ ಎನ್ನುತ್ತದೆ, ಅಷ್ಟೆ. ಷಟ್ಪದಿಯ ಮೂರನೆಯ ಪಾದದ ಕೊನೆಗೆ ಭಾಗವತರು ತುಸು ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಮುಂದಿನ ಮಾತು ಏನಿರಬಹುದೆಂದು ಕೇಳುಗನ ಮನಸ್ಸು ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಹೀಗೆ ಕೇಳುವವನನ್ನು ನಂಬಿ ಬಿಡುವು ಕೊಡುವ ಧೈರ್ಯ ಟಿ.ವಿ.ಯ ಸಂಗೀತ ಕಾರ್ಯಕ್ರಮಗಳಲ್ಲಿ ಇಲ್ಲ; ಒಂದು ಕ್ಷಣ ಮೌನ ಬಂದರೂ ಅದನ್ನು ಹಿನ್ನೆಲೆ ವಾದ್ಯದಿಂದ ತುಂಬಿಬಿಡುತ್ತಾರೆ. ನನ್ನ ಆಯ್ಕೆಗೆ ಮುಖ್ಯ ಕಾರಣ ಇದೇ.

ಚರ್ಚೆಯೋ, ಕೂಟವೋ

ಸುದ್ದಿ ವಾಹಿನಿಗಳ ಸಂಜೆಯ ಚರ್ಚೆಯನ್ನು ತಾಳಮದ್ದಳೆಯ ಜೊತೆ ಹೋಲಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಎರಡರಲ್ಲಿಯೂ ನಡೆಯುವುದು ಒಂದೇ: ನಾಲ್ಕಾರು ಜನ ಕುಳಿತು ವಾದಿಸುತ್ತಾರೆ, ನಾವು ಕೇಳುತ್ತೇವೆ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ.

ಚರ್ಚೆಯಲ್ಲಿ ಒಬ್ಬರು ಎರಡು ವಾಕ್ಯ ಮುಗಿಸುವ ಮೊದಲೇ ಇನ್ನಿಬ್ಬರು ಮಾತಿಗೆ ತೊಡಗುತ್ತಾರೆ, ಅವರ ಮೇಲೆ ನಿರೂಪಕರ ಧ್ವನಿ, ಅದರ ಮೇಲೆ ಜಾಹೀರಾತು. ಒಂದು ಗಂಟೆ ಕುಳಿತು ಎದ್ದರೆ ಯಾರ ವಾದ ಏನಾಗಿತ್ತೆಂದು ಹೇಳಲು ಬರುವುದಿಲ್ಲ. ಕೂಟದ ಕ್ರಮ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಭಾಗವತರು ಪದ ಹೇಳುತ್ತಾರೆ. ಆ ಪದದ ಪಾತ್ರಧಾರಿ ಅದರ ಅರ್ಥವನ್ನು ವಿಸ್ತರಿಸುತ್ತಾನೆ. ಎದುರಿನ ಅರ್ಥಧಾರಿ ತನ್ನ ಸರದಿಗೆ ಕಾದು, ಎತ್ತಿದ ಆಕ್ಷೇಪಕ್ಕೆ ಉತ್ತರ ಕೊಟ್ಟು, ನಂತರ ತನ್ನ ಪ್ರಶ್ನೆಯನ್ನು ಇಡುತ್ತಾನೆ. ಮಾತು ಎಷ್ಟೇ ಏರಿದರೂ ಮುಂದಿನ ಪದಕ್ಕೆ ಬಂದು ಸೇರಲೇಬೇಕು.

ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಹಗೆ ಏನಿತ್ತು? ಇದಕ್ಕೆ ರಾಮನ ಅರ್ಥಧಾರಿ ಪೀಠದಿಂದ ಆಜ್ಞೆ ಕೊಟ್ಟು ತಪ್ಪಿಸಿಕೊಳ್ಳುವಂತಿಲ್ಲ. ಒಂದೊಂದಕ್ಕೂ ಸಮಾಧಾನ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಎತ್ತುತ್ತಿದ್ದ ತರ್ಕಕ್ಕೆ ಎದುರು ಕುಳಿತವರು ಸಿದ್ಧತೆಯಿಲ್ಲದೆ ಬರುವಂತಿರಲಿಲ್ಲ. ನಮ್ಮ ಜಿಲ್ಲೆಯವರೇ ಆದ ಅವರ ಅರ್ಥಗಾರಿಕೆಯ ಧ್ವನಿಮುದ್ರಿಕೆಗಳು ಇಂದಿಗೂ ಕೇಳಸಿಗುತ್ತವೆ. ಅವರ ವಾಕ್ಯಗಳು ಉದ್ದವಾದವು, ಆದರೆ ಎಲ್ಲಿಯೂ ಜಾರುವುದಿಲ್ಲ; ಕ್ರಿಯಾಪದ ಬರುವಷ್ಟರಲ್ಲಿ ಕೇಳುವವನಿಗೆ ವಾದದ ಎಲ್ಲ ಮೆಟ್ಟಿಲುಗಳೂ ಕಂಡಿರುತ್ತವೆ. ಹದಿಹರೆಯದ ಮಕ್ಕಳಿಗೆ ಕನ್ನಡದಲ್ಲಿ ವಾದ ಮಂಡಿಸಲು ಕಲಿಸಬೇಕೆನ್ನುವವರು ಇದಕ್ಕಿಂತ ಒಳ್ಳೆಯ ಪಾಠವನ್ನು ಹುಡುಕಿ ಹೋಗಬೇಕಾಗಿಲ್ಲ. ಸುದ್ದಿ ಬೇಕಾದವರು ಆಕಾಶವಾಣಿಯ ವಾರ್ತೆ ಕೇಳಿ ಅಥವಾ ಪತ್ರಿಕೆ ಓದಿ ತಿಳಿದುಕೊಳ್ಳಬಹುದು. ಚರ್ಚೆಯಿಂದ ಸುದ್ದಿ ಸಿಗುವುದಿಲ್ಲ.

ಧಾರಾವಾಹಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅತ್ತೆ ಸೊಸೆಯರ ಸಂಚು ವರ್ಷಗಟ್ಟಲೆ ಎಳೆಯುವುದು ಎಲ್ಲರಿಗೂ ಗೊತ್ತಿರುವ ದೋಷ. ಗಡಿನಾಡಿನವರಾಗಿ ನನಗೆ ನೋವು ಕೊಡುವುದು ಇನ್ನೊಂದು: ಕರಾವಳಿಯ ಕನ್ನಡವನ್ನಾಡುವ ಪಾತ್ರ ಬಂದರೆ ಅದು ಬಹುಮಟ್ಟಿಗೆ ನಗಿಸಲೆಂದೇ ತಂದ ಅಡುಗೆಯವರದೋ, ಹೋಟೆಲಿನವರದೋ ಆಗಿರುತ್ತದೆ. ಆ ಕನ್ನಡದಲ್ಲಿ ಅಳುವವರು, ಪ್ರೀತಿಸುವವರು, ಗಂಭೀರವಾಗಿ ಯೋಚಿಸುವವರು ಇದ್ದಾರೆಂಬುದು ಧಾರಾವಾಹಿ ಬರೆಯುವವರಿಗೆ ಹೊಳೆದಂತಿಲ್ಲ. ತನ್ನ ಮನೆಯ ಮಾತು ಪರದೆಯ ಮೇಲೆ ನಗೆಗೀಡಾಗುವುದನ್ನು ದಿನವೂ ನೋಡುವ ಮಗು ಅದನ್ನು ಆಡಲು ಹಿಂಜರಿದರೆ ಆಶ್ಚರ್ಯವಿಲ್ಲ.

ಯಾವ ಸಂಗೀತದಿಂದ ಆರಂಭಿಸುವುದು

ಟಿ.ವಿ. ನಿಲ್ಲಿಸಿದ ಮನೆಯಲ್ಲಿ ಮುಂದಿನ ಪ್ರಶ್ನೆ ಇದು. ನನ್ನ ಸಲಹೆ ಸಾಹಿತ್ಯದ ಕಡೆಯಿಂದ ಹೋಗುವುದು, ಏಕೆಂದರೆ ಮಾತು ತಿಳಿದಲ್ಲಿ ಕಿವಿ ಬೇಗ ತೆರೆದುಕೊಳ್ಳುತ್ತದೆ.

ಹಿಂದೂಸ್ತಾನಿ ಸಂಗೀತ ನಮಗೆ ದೂರದ್ದು ಎಂಬ ಭಾವನೆ ಕಾಸರಗೋಡಿನಲ್ಲಿ ಇದೆ. ಅದನ್ನು ಬಿಡಿಸಲು ಗದಗದ ನೆಲದ ಭೀಮಸೇನ ಜೋಶಿಯವರ ದಾಸವಾಣಿಯೊಂದೇ ಸಾಕು. ಪುರಂದರದಾಸರ ಪದಗಳನ್ನು ಅವರು ಹಾಡುವಾಗ ಖಯಾಲಿನ ಎಲ್ಲ ಶಕ್ತಿಯೂ ಅದರೊಳಗೆ ಇರುತ್ತದೆ, ಆದರೆ ಪದ ಭಜನೆಯಾಗಿಯೇ ಉಳಿಯುತ್ತದೆ. ಅಲ್ಲಿಂದ ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನಕ್ಕೆ ಹೋಗಬೇಕು. ಜೈಪುರ-ಅತ್ರೌಲಿ ಘರಾನಾದ ಅಪರೂಪದ, ಜೋಡುರಾಗಗಳನ್ನು ಕರಗತ ಮಾಡಿಕೊಂಡಿದ್ದ ಅವರು ವಚನ ಹಾಡುವಾಗ ಆ ವಿದ್ಯೆಯನ್ನು ಮೆರೆಸಲು ಹೋಗುವುದಿಲ್ಲ. ಇವರಿಬ್ಬರಲ್ಲಿ ಒಬ್ಬರನ್ನೇ ಆರಿಸಬೇಕಾದರೆ ನಾನು ಮನ್ಸೂರರನ್ನು ಆರಿಸುತ್ತೇನೆ. ಭೀಮಸೇನರು ಕೇಳುಗನನ್ನು ಎತ್ತಿ ಒಯ್ಯುತ್ತಾರೆ. ಮನ್ಸೂರರು ತಾವು ಹುಡುಕುತ್ತಿರುವುದನ್ನು ನಮ್ಮಿಂದಲೂ ಹುಡುಕಿಸುತ್ತಾರೆ, ಆದ್ದರಿಂದ ಹತ್ತನೆಯ ಸಲ ಕೇಳುವಾಗಲೂ ಹೊಸದೊಂದು ತಿರುವು ಸಿಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಮಾತ್ರ ಭೀಮಸೇನರೇ ಮೊದಲು ಇರಲಿ.

ಕರ್ನಾಟಕ ಸಂಗೀತಕ್ಕೆ ನಮ್ಮಲ್ಲಿ ನೆಲೆ ಮೊದಲೇ ಇದೆ. ಮಲೆಯಾಳ ಮಾಧ್ಯಮದಲ್ಲಿ ಓದುವ ಮಗುವೂ ಮಾಯಾಮಾಳವಗೌಳ ರಾಗದ ಮೊದಲ ಪಾಠಗಳಾದ ಸರಳೆ, ಜಂಟಿ, ಅಲಂಕಾರಗಳನ್ನು ದಾಟಿ ಮಲಹರಿ ರಾಗದ ಗೀತೆಗೆ ಬಂದಾಗ ಪುರಂದರದಾಸರ ಕೈ ಹಿಡಿದೇ ನಡೆಯುತ್ತದೆ. ಸಂಗೀತ ಕಲಿಯುತ್ತಿರುವ ಮಕ್ಕಳಿರುವ ಮನೆಯವರು ಬೇರೆ ಯೋಚಿಸದೆ ಇದನ್ನೇ ಆರಿಸಬೇಕು. ಹಾಡಿನ ಜೊತೆಗೆ ವಾದ್ಯವೂ ಬೇಕೆನ್ನುವವರು ದಕ್ಷಿಣ ಕನ್ನಡದವರಾದ ಕದ್ರಿ ಗೋಪಾಲನಾಥರ (1949–2019) ಸ್ಯಾಕ್ಸೊಫೋನ್ ಕೇಳಲಿ. ಬ್ಯಾಂಡಿನ ವಾದ್ಯವೊಂದರಲ್ಲಿ ಗಮಕ ನುಡಿಸಲು ಆಗದೆಂಬ ಮಾತನ್ನು ಅವರು ತಮ್ಮ ಉಸಿರಿನಿಂದ ಸುಳ್ಳು ಮಾಡಿದವರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶವೆಲ್ಲ ಸಂವಿಧಾನದ ಮೂಲ ರಚನೆಯ ಕುರಿತ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ನಮ್ಮ ಊರಿನವರಿಗೆ ಅವರು ಸ್ವತಃ ಹಾಡುತ್ತಿದ್ದ, ಯಕ್ಷಗಾನವನ್ನು ಪೋಷಿಸಿದ ಸ್ವಾಮೀಜಿ. ಶಾಸ್ತ್ರೀಯ ಸಂಗೀತ ಮತ್ತು ಭಾಗವತಿಕೆ ಎರಡೂ ಒಂದೇ ಅಂಗಳದಲ್ಲಿ ಬೆಳೆದ ಊರು ಇದು ಎಂಬುದನ್ನು ನೆನಪಿಸಲು ಈ ಮಾತು ಹೇಳಿದೆ.

ಭಾವಗೀತೆಗಳ ವಿಷಯದಲ್ಲಿ ನನ್ನ ಒಲವು ಹಳೆಯವರ ಕಡೆಗೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ, ಈ ನಾಲ್ವರಲ್ಲಿ ಯಾರನ್ನು ಕೇಳಿದರೂ ಕವಿತೆ ಪೂರ್ತಿಯಾಗಿ ಸಿಗುತ್ತದೆ. ಮೃದುವಾದದ್ದು ಬೇಕಾದವರಿಗೆ ಅನಂತಸ್ವಾಮಿ, ಎದೆ ತಟ್ಟುವ ಕಸುವು ಬೇಕಾದವರಿಗೆ ಅಶ್ವತ್ಥ್. ಇಂದಿನ ಧ್ವನಿಮುದ್ರಿಕೆಗಳಲ್ಲಿ ಕೀಬೋರ್ಡಿನ ಅಬ್ಬರ ಸಾಹಿತ್ಯವನ್ನು ಮುಚ್ಚುವುದುಂಟು; ಹಾಗಾದಾಗ ಅದೇ ಕವಿತೆಯ ಹಳೆಯ ಗಾಯನವನ್ನು ಹುಡುಕುವುದು ಒಳ್ಳೆಯದು.

ಎಲ್ಲಿ ಕೇಳುವುದು, ಯಾವುದರಲ್ಲಿ ಕೇಳುವುದು

1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ನಮ್ಮ ಭಾಗದ ಭಾಗವತರನ್ನೂ ಅರ್ಥಧಾರಿಗಳನ್ನೂ ದಶಕಗಳಿಂದ ಪ್ರಸಾರ ಮಾಡುತ್ತ ಬಂದಿದೆ. ರೇಡಿಯೊ ಇಲ್ಲದ ಮನೆಯವರು ಮೊಬೈಲಿನಲ್ಲಿ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೂಲಕ ಆಕಾಶವಾಣಿಯ ಕೇಂದ್ರಗಳನ್ನು ಕೇಳಬಹುದು. 2016ರಲ್ಲಿ ಆರಂಭವಾದ, ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ‘ರಾಗಂ’ ವಾಹಿನಿಯೂ ಅದರಲ್ಲಿ ಸಿಗುತ್ತದೆ. ಯೂಟ್ಯೂಬಿನಲ್ಲಿ ಹುಡುಕುವವರು ಪ್ರಸಾರ ಭಾರತಿಯ ಸಂಗ್ರಹದ ಧ್ವನಿಮುದ್ರಣಗಳನ್ನು ಮೊದಲು ನೋಡಲಿ. ತುಣುಕು ವಿಡಿಯೊಗಳನ್ನು ನಾನು ಸೂಚಿಸುವುದಿಲ್ಲ. ಒಂದು ಪದದ ಏರಿದ ಭಾಗವನ್ನಷ್ಟೇ ಕತ್ತರಿಸಿ ಹಾಕುವ ಅಭ್ಯಾಸ ಭಾಗವತಿಕೆಗೂ ತಗುಲಿಕೊಂಡಿದ್ದು, ಅದರಿಂದ ಟಿ.ವಿ.ಯ ದೋಷವೇ ಮೊಬೈಲಿಗೆ ಬಂದಂತಾಗಿದೆ.

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ತಂಬೂರಿಯ ಖರಜವೂ (ತಗ್ಗಿನ ಸ್ವರ) ಮದ್ದಳೆಯ ಎಡಬದಿಯ ನಾದವೂ ಕೇಳಿಸುವುದಿಲ್ಲ. ತೆಳ್ಳಗಿನ ಟಿ.ವಿ.ಗಳ ಸ್ಪೀಕರುಗಳು ಹಿಂಬದಿಗೋ ಕೆಳಗೋ ಮುಖ ಮಾಡಿರುವುದರಿಂದ ಅವುಗಳಲ್ಲಿಯೂ ಇದೇ ಕೊರತೆ. ಸಾಧಾರಣ ಬೆಲೆಯ ಬ್ಲೂಟೂತ್ ಸ್ಪೀಕರೊಂದನ್ನು ಕಪಾಟಿನ ಮೇಲೆ, ಗೋಡೆಗೆ ಹತ್ತಿರವಾಗಿಟ್ಟು ಕೇಳಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಟಿ.ವಿ.ಯನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. 2019ರಲ್ಲಿ ಜಾರಿಗೆ ಬಂದ ದರ ನಿಯಮದಂತೆ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಲು ಅವಕಾಶವಿದೆ. ಕೇರಳದ ಕೇಬಲ್ ಪ್ಯಾಕೇಜುಗಳು ಮಲೆಯಾಳ ವಾಹಿನಿಗಳನ್ನು ಮುಂದಿಟ್ಟು ರೂಪುಗೊಂಡಿರುವುದರಿಂದ ಕನ್ನಡದವರು ಕೇಳಿಯೇ ಹಾಕಿಸಿಕೊಳ್ಳಬೇಕಾಗುತ್ತದೆ. ನನ್ನ ಪಟ್ಟಿಯಲ್ಲಿ ಮೊದಲು ಉಳಿಯುವುದು ದೂರದರ್ಶನದ ಚಂದನ. ಅದರ ರಂಗಸಜ್ಜಿಕೆ ಹಳೆಯದು, ಬೆಳಕು ಮಂಕು, ಆದರೆ ಹಾಡುವವರ ಮುಂದೆ ಕ್ಯಾಮೆರಾ ಸುಮ್ಮನೆ ನಿಲ್ಲುತ್ತದೆ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಮನೆಯ ಹಿರಿಯರಿಗೆ ಧಾರಾವಾಹಿ ಬೇಕೇ ಬೇಕೆಂದಿದ್ದರೆ ಒಂದನ್ನು ಉಳಿಸಿಕೊಂಡು, ಅದರ ಹೊತ್ತನ್ನು ಬಿಟ್ಟು ಉಳಿದ ಹೊತ್ತಿಗೆ ಟಿ.ವಿ. ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳಬಹುದು; ಜಗಳದಿಂದ ನಿಲ್ಲಿಸಿದ ಟಿ.ವಿ. ಮರುದಿನವೇ ಮತ್ತೆ ಶುರುವಾಗುತ್ತದೆ.

ಸ್ಪರ್ಧೆಯ ಹುಮ್ಮಸ್ಸು ಮಕ್ಕಳಿಗೆ ಬೇಕಲ್ಲವೇ ಎಂದು ಕೇಳುವ ತಂದೆತಾಯಿಯರಿಗೆ ಕೇರಳದ ಶಾಲಾ ಕಲೋತ್ಸವವನ್ನು ತೋರಿಸುತ್ತೇನೆ. ಅಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ನಮ್ಮ ಮಕ್ಕಳು ತಿಂಗಳುಗಟ್ಟಲೆ ನಾಟ್ಯ, ಮಾತು, ತಾಳ ಕಲಿತು ಇಡೀ ರಾಜ್ಯದ ಮುಂದೆ ಕನ್ನಡದಲ್ಲಿ ರಂಗಕ್ಕೆ ಬರುತ್ತಾರೆ. ಟಿ.ವಿ. ಸ್ಪರ್ಧೆಯ ಆಡಿಷನ್ನಿಗೆ ಮಗುವನ್ನು ಕರೆದುಕೊಂಡು ಹೋಗುವ ಖರ್ಚು, ಶ್ರಮಗಳಿಗಿಂತ ಊರಿನ ನಾಟ್ಯ ಗುರುಗಳ ಬಳಿ ಒಂದು ವರ್ಷ ಕಳುಹಿಸುವುದು ಹೆಚ್ಚು ಫಲ ಕೊಡುತ್ತದೆ.

ಧ್ವನಿಮುದ್ರಿಕೆಗೂ ನೇರ ಕೇಳ್ಮೆಗೂ ನಡುವೆ ಆರಿಸಬೇಕಾಗಿ ಬಂದರೆ ಎರಡನೆಯದನ್ನೇ ಆರಿಸಿ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ (ತುಳು ತಿಂಗಳು ಬೇಶದ ಹತ್ತನೆಯ ದಿನ) ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ನಂತರದ ಮಳೆಗಾಲವಿಡೀ ದೇವಸ್ಥಾನಗಳಲ್ಲಿ, ಭಜನಾ ಮಂದಿರಗಳಲ್ಲಿ, ಮನೆಗಳ ಚಾವಡಿಯಲ್ಲಿ ಕೂಟಗಳು ನಡೆಯುತ್ತವೆ. ಹೋದಾಗ ಧ್ವನಿವರ್ಧಕದ ಪೆಟ್ಟಿಗೆಯ ಎದುರು ಕೂರಬೇಡಿ. ಹಿಮ್ಮೇಳದ ಬದಿಗೆ, ಮದ್ದಳೆಗಾರರ ಕೈ ಕಾಣುವಷ್ಟು ಹತ್ತಿರ ಜಾಗ ಹಿಡಿಯಿರಿ. ಮೈಕಿಲ್ಲದ ಮದ್ದಳೆಯ ನಾದವೂ, ಪದದ ನಡುವೆ ಭಾಗವತರು ಉಸಿರು ತೆಗೆದುಕೊಳ್ಳುವ ಜಾಗವೂ ಅಲ್ಲಿ ಸರಿಯಾಗಿ ಕೇಳಿಸುತ್ತವೆ.